ಧರ್ಮಪ್ಪನ ಮದ್ದು

ಶಿಕಾರಿಪುರ
9 ಜೂನ್ 2025

ಚಿ. ನಾಗಶ್ರೀಗೆ ಧರ್ಮಪ್ಪಜ್ಜನ ಆಶೀರ್ವಾದ.

ಕುಪ್ಪಗಡ್ಡೆಯಿಂದ ನನಗೊಂದು ಕಾಗದ! ಪೋಸ್ಟ್‌ಮನ್ ಬಾಗಿಲಲ್ಲಿ ನಿಂತು ಕೂಗಿ ಕೂಗಿ ಸೋತು, ಕೊನೆಗೆ ಕಿಟಕಿಯೊಳಗೆ ಎಸೆದು ಹೋಗಿದ್ದ. ‘ಒಂದು ಫೋನ್ ಮಾಡಿ ಅಜ್ಜ, ತುಂಬಾ ಕೇಳಬೇಕು’ ಎಂದು ಬರೆದಿದ್ದೀಯ. ನೀನು ಎಷ್ಟು ಬೇಕಾದರೂ ಕೇಳು ತಾಯಿ, ನನಗೆ ಮಾತ್ರ ಕೇಳುವುದಿಲ್ಲ. ನಲವತ್ತು ವರ್ಷ ಮೈಕ್ ಸೆಟ್ ಇಟ್ಟುಕೊಂಡು ಊರೂರಿನ ಕಿವಿ ತೂತು ಮಾಡಿದವನ ಎರಡು ಕಿವಿಯೂ ಈಗ ಅಂಗಡಿ ಮುಚ್ಚಿವೆ. ಮೊಬೈಲಿನ ಅಕ್ಷರವಂತೂ ಸಾಸಿವೆ ಚೆಲ್ಲಿದ ಹಾಗೆ ಕಾಣುತ್ತದೆ. ಹಾಗಾಗಿ ಕಾಗದವೇ ಗತಿ. ನೀನು ಸ್ಕೂಲ್ ಟೀಚರು, ಬೋರ್ಡಿನ ಮೇಲೆ ಬರೆಯುವಷ್ಟು ದಪ್ಪಗೆ ಬರಿ.

ನಿನಗೆ ವರ್ಷ ತುಂಬುವ ಮೊದಲೇ ನಿಮ್ಮಪ್ಪ ನಾಗೇಶ ಹೋದ. ನನ್ನ ಆರ್ಕೆಸ್ಟ್ರಾದಲ್ಲಿ ಗಿಟಾರ್ ತೊಡೆಯ ಮೇಲೆ ಮಲಗಿಸಿಕೊಂಡು, ಉಕ್ಕಿನ ತುಂಡು ಜಾರಿಸಿ ನುಡಿಸುತ್ತಿದ್ದವನು ಅವನೊಬ್ಬನೇ. ಅದನ್ನು ನಿಮ್ಮಮ್ಮ ವರದಮ್ಮ ಕಂಬಳಿ ಸುತ್ತಿ ಅಟ್ಟಕ್ಕೆ ಹಾಕಿದ್ದು ಗೊತ್ತಿತ್ತು. ನೀನು ಕೆಳಗಿಳಿಸಿ, ಹೊಸ ತಂತಿ ಕಟ್ಟಿ, ಮೊಬೈಲ್ ನೋಡಿಕೊಂಡೇ ಕಲಿತಿದ್ದೀಯ ಎಂಬುದು ಗೊತ್ತಿರಲಿಲ್ಲ.

ನೀನು ನುಡಿಸುತ್ತೇನೆ ಎಂದು ಬರೆದ ‘ಬ್ಲೂಸ್ ರಾಕ್’ ಎಂದರೇನು ಎಂದು ಪಕ್ಕದ ಮನೆಯವರನ್ನು ಕೇಳಿದೆ. ಬ್ಲೂ ಎಂದರೆ ನೀಲಿ, ರಾಕ್ ಎಂದರೆ ಬಂಡೆ ಎಂದು ಬರೆದುಕೊಟ್ಟರು. ನೀಲಿ ಬಂಡೆ! ನನಗೆ ಗೊತ್ತಿದ್ದ ನೀಲಿ ಪಂಚೆಗೆ ಹಾಕುವುದೊಂದೇ. ಸ್ಲೈಡ್ ಎಂದರೆ ಜಾರುವುದಂತೆ. ಹಾಗಾದರೆ ಬಚ್ಚಲಲ್ಲಿ ವಾರಕ್ಕೊಮ್ಮೆ ನಾನೂ ನುಡಿಸುತ್ತೇನೆ.

ಒಂದೆರಡು ವಿಷಯ ಕೇಳುತ್ತೇನೆ, ಮರೆಯದೆ ಬರಿ. ನೀನು ನುಡಿಸುವ ಪ್ರೋಗ್ರಾಂ ಯಾವ ಊರಲ್ಲಿ? ಮೈಕ್ ಸೆಟ್ ಯಾರದು?

ಇಂತಿ ನಿನ್ನ ಕಿವಿಯಿಲ್ಲದ ಕಿಡಿಗೇಡಿ,
ಧರ್ಮಪ್ಪಜ್ಜ

* * *

ಕುಪ್ಪಗಡ್ಡೆ
20 ಜೂನ್ 2025

ಪ್ರೀತಿಯ ಧರ್ಮಪ್ಪಜ್ಜನಿಗೆ,

ಅಕ್ಷರ ಸಾಕಷ್ಟು ದಪ್ಪ ಇದೆಯಾ? ನಿಮ್ಮ ಕಾಗದವನ್ನು ಅಮ್ಮನಿಗೆ ಓದಿ ಹೇಳಿದೆ. ಬಚ್ಚಲಿನ ಜೋಕಿಗೆ ನಕ್ಕಳು. ‘ಧರ್ಮಣ್ಣ ಬದಲಾಗೇ ಇಲ್ಲ ನೋಡು’ ಅಂದಳು. ಆಮೇಲೆ ಕುರಿ ಹೊಡೆದುಕೊಂಡು ಹೋದಳು.

ಬ್ಲೂಸ್ ಅಂದರೆ ಹತ್ತಿ ಹೊಲದಲ್ಲಿ ದುಡಿದು ಬೆನ್ನು ಮುರಿದುಕೊಂಡ ಕರಿಯ ಜನರ ಹಾಡು ಅಜ್ಜ. ಒಂದು ಸಾಲು ಹಾಡುತ್ತಾರೆ, ಅದನ್ನೇ ಇನ್ನೊಮ್ಮೆ ಹಾಡುತ್ತಾರೆ, ಮೂರನೇ ಸಾಲಿನಲ್ಲಿ ಅದಕ್ಕೆ ಉತ್ತರ. ಅಮ್ಮನಿಗೆ ಕೇಳಿಸಿದಾಗ, ‘ಇದು ಸಾವಿನ ಮನೆ ಭಜನೆ ಇದ್ದಂಗೈತಲ್ಲೇ’ ಅಂದಳು. ಅದಕ್ಕೆ ಡ್ರಮ್ಸ್ ಸೇರಿಸಿ ಜೋರು ಮಾಡಿದರೆ ಬ್ಲೂಸ್ ರಾಕ್. ಸ್ಲೈಡ್ ಗಿಟಾರ್ ಅದರಲ್ಲಿ ಅಳುವ ಹೆಂಗಸಿನ ದನಿ. ಶಿರಾಳಕೊಪ್ಪದ ಲೇತ್ ಅಂಗಡಿಯಲ್ಲಿ ಹಿತ್ತಾಳೆಯದೊಂದು ಸರಳು ಕತ್ತರಿಸಿ, ಅಂಚು ಉಜ್ಜಿಸಿಕೊಂಡಿದ್ದೇನೆ. ಅಪ್ಪನ ಹಾಗೆಯೇ ಗಿಟಾರ್ ತೊಡೆಯ ಮೇಲೆ ಇಟ್ಟುಕೊಂಡು ನುಡಿಸುತ್ತೇನೆ. ಶಿವಮೊಗ್ಗದ ವೈಭವ್ ಡ್ರಮ್ಸ್, ಮಾನಸ ಹಾಡುತ್ತಾಳೆ.

ಪ್ರೋಗ್ರಾಂ ನಮ್ಮೂರಲ್ಲೇ. ಗಣಪತಿಯ ಒಂಬತ್ತನೇ ದಿನ, ಸೆಪ್ಟೆಂಬರ್ ನಾಲ್ಕು, ಸಂಜೆ ಐದಕ್ಕೆ. ಅಪ್ಪ ಹೋದ ಅದೇ ಸಿಮೆಂಟ್ ರಂಗಮಂಟಪ. ಅಮ್ಮ ಒಂದು ತಿಂಗಳು ಮಾತು ಬಿಟ್ಟಿದ್ದಳು. ‘ಆ ಗಿಟಾರು ಆಗಿ ಬರಲ್ಲ’ ಅನ್ನುವುದೊಂದೇ. ಕೊನೆಗೆ ಒಪ್ಪಿದ್ದು ಒಂದು ಷರತ್ತಿನ ಮೇಲೆ. ನಿಮಗೂ ಗೊತ್ತಿರುತ್ತಲ್ಲ, ಅಪ್ಪ ಸಾಯುವ ಹಿಂದಿನ ವರ್ಷ ಚಪ್ಪಲಿ ಹಾಕಿಕೊಂಡು ಮಂಟಪ ಹತ್ತಿದ್ದ, ಅದಕ್ಕೇ ಊರಮ್ಮ ಮುನಿದಳು ಅನ್ನುತ್ತಾರೆ. ಅವತ್ತಿನಿಂದ ಇಲ್ಲಿ ಯಾವ ಕಾರ್ಯಕ್ರಮ ಆದರೂ ಮೊದಲು ಹೆಂಗಸರು ಏಳು ಕೊಡ ನೀರು ಹಾಕಿ ಮಂಟಪ ತೊಳೆಯುತ್ತಾರೆ. ನೀರು ಆರುವ ಮೊದಲೇ ಬರಿಗಾಲಲ್ಲಿ ಹತ್ತಬೇಕು. ನಾನೂ ಹಾಗೇ ಹತ್ತುತ್ತೇನೆ ಎಂದು ಮಾತು ಕೊಟ್ಟಿದ್ದೇನೆ.

ಮೈಕ್ ಸೆಟ್ ನಿಮ್ಮ ಶಿಷ್ಯ ಶಿರಾಳಕೊಪ್ಪದ ಮಾಳೇಶಣ್ಣನದು. ನೀವು ಬರಲೇಬೇಕು.

ನಿಮ್ಮ,
ನಾಗಶ್ರೀ

* * *

ಶಿಕಾರಿಪುರ
28 ಜೂನ್ 2025

ಚಿ. ನಾಗಶ್ರೀಗೆ,

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ಏಳು ಕೊಡದ ವಿಷಯ ನನಗೆ ಗೊತ್ತೇ ಇರಲಿಲ್ಲ. ನಾನು ನಿಮ್ಮೂರಿಗೆ ಕೊನೆಯ ಸಲ ಕಾಲಿಟ್ಟು ಮೂವತ್ತೆರಡು ವರ್ಷವಾಯಿತು.

ನನ್ನದೂ ಒಂದು ಷರತ್ತು. ನೀನು ಚಪ್ಪಲಿ ಹಾಕಿಕೊಂಡು ನುಡಿಸಬೇಕು. ಅದೂ ರಬ್ಬರ್ ಚಪ್ಪಲಿ, ಹೊಸದು, ದಪ್ಪ ಅಟ್ಟೆಯದು. ಯಾಕೆ ಅಂತೀಯಾ? ಬಂಡೆ ಎಂದ ಮೇಲೆ ಕಾಲಿಗೆ ಚುಚ್ಚುವುದಿಲ್ಲವೇ! ಮಂಟಪ ತೊಳೆಯುವುದನ್ನು ಈ ವರ್ಷ ಬೆಳಿಗ್ಗೆಯೇ ಮುಗಿಸಿ, ಬಿಸಿಲಿಗೆ ಒಣಗಲಿ ಎಂದು ಹೇಳು. ಊರಮ್ಮನಿಗೆ ನೀರು ಮುಖ್ಯವೇ ಹೊರತು ಟೈಮಿಂಗ್ ಅಲ್ಲ. ಅವಳೇನು ಬಸ್ ಕಂಡಕ್ಟರಲ್ಲ.

ಮಾಳೇಶ ಸ್ಪೀಕರ್ ಬಾಕ್ಸು, ಆಂಪ್ಲಿಫಯರ್ ತಂದು ಟ್ರಯಲ್ ಮಾಡಿದಾಗ ಏನಾಯಿತು ಬರಿ. ಒಂದನ್ನೂ ಬಿಡಬೇಡ.

ಮಂಡಿ ನೋವು. ಬರುವುದು ಕಷ್ಟ.

ಇಂತಿ,
ಧರ್ಮವೂ ಇಲ್ಲದ ಅಪ್ಪನೂ ಆಗದ ಧರ್ಮಪ್ಪ

* * *

ಕುಪ್ಪಗಡ್ಡೆ
14 ಜುಲೈ 2025

ಪ್ರೀತಿಯ ಅಜ್ಜನಿಗೆ,

ಚಪ್ಪಲಿ ವಿಷಯ ಅಮ್ಮನ ಮುಂದೆ ಹೇಳಿ ನನ್ನ ಕೆಲಸ ಕೆಟ್ಟಿತು. ‘ಅಪ್ಪ ಹೋಗಿದ್ದು ಸಾಲದಾ, ಇದೊಂದು ತಮಾಷೆ ಬೇರೆ’ ಎಂದು ಎದ್ದು ಹೋದಳು. ಎರಡು ಹೊತ್ತು ಊಟ ಮಾಡಲಿಲ್ಲ. ಇನ್ನು ಆ ಜೋಕು ಬೇಡ ಅಜ್ಜ, ಬೈಕೋಬೇಡಿ.

ನಿನ್ನೆ ಭಾನುವಾರ ಟ್ರಯಲ್ ಆಯಿತು. ನೀವು ಹೇಳಿದ ಹಾಗೆ ಒಂದನ್ನೂ ಬಿಡದೆ ಬರೆಯುತ್ತೇನೆ. ಮಾಳೇಶಣ್ಣ ಹಳೆಯ ಆಂಪ್ಲಿಫಯರ್ ತಂದಿದ್ದ. ‘ಇದು ಗುರುಗಳ್ದೇ ಸೆಟ್ಟು, ಬಿಡುವಾಗ ನಂಗೆ ಕೊಟ್ರು, ಇವತ್ತಿಗೂ ಗಂಡುಗಲಿ’ ಅಂದ. ಗಿಟಾರಿನ ವೈರ್ ಚುಚ್ಚಿದ್ದೇ ತಡ, ಬಾಕ್ಸಿನಿಂದ ಗುಂಯ್ ಎಂದು ಶುರುವಾಯಿತು. ಸಾವಿರ ಜೀರುಂಡೆ ಒಟ್ಟಿಗೆ ಕೂಗಿದ ಹಾಗೆ. ಮಾನಸ ಕಿವಿ ಮುಚ್ಚಿಕೊಂಡಳು. ಗಣಪತಿ ಕಮಿಟಿಯ ಅಧ್ಯಕ್ಷರು ಗುಡ್ಡಪ್ಪ, ಅವರು ಬಂದು ‘ಏನ್ರಮ್ಮಾ, ಹಾಡು ಶುರು ಆತಾ?’ ಅಂದರು!

ಮಾಳೇಶಣ್ಣ ನಕ್ಕ. ‘ಇದಕ್ಕೆ ಧರ್ಮಪ್ಪನ ಮದ್ದು ಐತಿ’ ಎಂದು ಕಟಿಂಗ್ ಪ್ಲೇಯರ್ ತೆಗೆದು, ಪ್ಲಗ್ ಬಿಚ್ಚಿ, ಒಳಗಿದ್ದ ಹಸಿರು ವೈರನ್ನು ಕಟ್ ಅನ್ನಿಸಿದ. ಗುಂಯ್ ಅಲ್ಲಿಗೇ ನಿಂತಿತು. ಎಂಥ ಮದ್ದು ಅಜ್ಜ ನಿಮ್ಮದು! ಆ ಮೌನದಲ್ಲಿ ಒಂದು ತಂತಿ ಮೀಟಿ ಸರಳು ಜಾರಿಸಿದೆ. ದನಿ ರಂಗಮಂಟಪದಿಂದ ಕೆರೆ ಏರಿಯವರೆಗೂ ಹೋಯಿತು.

ಇನ್ನೊಂದು ವಿಷಯ. ಇದನ್ನು ಅಮ್ಮನಿಗೂ ಹೇಳಿಲ್ಲ. ನುಡಿಸುವಾಗ ಚಪ್ಪಲಿ ಬಿಟ್ಟಿದ್ದೆ, ನೆಲ ಒಣಗಿತ್ತು. ತಂತಿ ಮುಟ್ಟಿದಾಗಲೆಲ್ಲ ಬೆರಳಿಗೆ ಜುಮ್ ಅಂತಿತ್ತು. ಸಣ್ಣಗೆ, ಇರುವೆ ಹರಿದ ಹಾಗೆ. ಮೊಣಕೈಯವರೆಗೂ ಬಂತು. ಅಪ್ಪನೇ ಕೈ ಹಿಡಿದ ಹಾಗಾಯಿತು ಅಜ್ಜ. ಮನೆಗೆ ಬಂದು ಅತ್ತುಬಿಟ್ಟೆ.

ನಿಮ್ಮ,
ನಾಗಶ್ರೀ

* * *

ಶಿಕಾರಿಪುರ
21 ಜುಲೈ 2025

ನಾಗಶ್ರೀ,

ಈ ಕಾಗದ ಸಿಕ್ಕಿದ ತಕ್ಷಣ ಮಾಳೇಶನಿಗೆ ಹೇಳಿ ಆ ಹಸಿರು ವೈರನ್ನು ಮತ್ತೆ ಹಾಕಿಸು. ಯಾಕೆ ಎಂದು ಕೇಳಬೇಡ. ಅದನ್ನು ಹಾಕಿಸುವವರೆಗೆ ಗಿಟಾರನ್ನು ಆ ಸೆಟ್ಟಿಗೆ ಚುಚ್ಚಬೇಡ.

ಮೊನ್ನೆ ಶಿರಾಳಕೊಪ್ಪದ ಬಸ್ ಹತ್ತಿ ನಾನೇ ಮಾಳೇಶನ ಅಂಗಡಿಗೆ ಹೋಗಿದ್ದೆ. ಸಂತೆಯ ದಿನ, ಅಂಗಡಿ ತುಂಬ ಜನ. ಅವನ ತುಟಿ ನೋಡಿ ಮಾತು ಹಿಡಿಯುವುದು ನನಗೆ ಅಭ್ಯಾಸ. ‘ಏನ್ರೀ ಗುರುಗಳೆ, ನೀವಾ ಕಲಿಸಿದ್ದು, ಈಗ ನೀವಾ ಬ್ಯಾಡ ಅಂತೀರಿ. ಮೂವತ್ತು ವರ್ಷದಾಗೆ ಒಂದು ಸೊಳ್ಳೆನೂ ಸತ್ತಿಲ್ಲ ನೋಡ್ರಿ’ ಅಂದ. ಪಕ್ಕದವರೆಲ್ಲ ನಕ್ಕರು. ಬಾಯಿ ತೆರೆದೆ. ಅಷ್ಟರಲ್ಲಿ ಒಬ್ಬ, ‘ಧರ್ಮಪ್ಪನೋರೆ, ಒಂದು ಜೋಕ್ ಹೇಳ್ರಿ’ ಅಂದ.

ಹೇಳಿದೆ. ಚೆನ್ನಾಗಿಯೇ ಇತ್ತು ಜೋಕು. ಬಸ್ ಹತ್ತಿ ವಾಪಸ್ ಬಂದೆ.

ನಿನ್ನ ಬೆರಳಿಗೆ ಬಂದಿದ್ದು ನಿಮ್ಮಪ್ಪನಲ್ಲ ತಾಯಿ.

ಧರ್ಮಪ್ಪಜ್ಜ

* * *

ಕುಪ್ಪಗಡ್ಡೆ
8 ಆಗಸ್ಟ್ 2025

ಪ್ರೀತಿಯ ಅಜ್ಜನಿಗೆ,

ನಿಮ್ಮನ್ನು ಏನು ಮಾಡಬೇಕು ಹೇಳಿ! ಮೊನ್ನೆ ಗುಡ್ಡಪ್ಪನವರ ಮನೆಗೆ ಕರೆಂಟ್ ಆಫೀಸಿನ ಹೆಸರಲ್ಲಿ ಒಂದು ಕಾಗದ ಬಂತು. ‘ಸದರಿ ರಂಗಮಂಟಪದಲ್ಲಿ ವಿದ್ಯುತ್ ಗಿಟಾರ್ ನುಡಿಸುವುದನ್ನು ಈ ಮೂಲಕ ನಿಷೇಧಿಸಲಾಗಿದೆ’ ಅಂತ. ಗುಂಡಗೆ ಸೀಲ್ ಬೇರೆ. ಕಮಿಟಿಯವರು ಹೆದರಿ ಪ್ರೋಗ್ರಾಂ ಬಿಡುವುದಕ್ಕೇ ಹೊರಟಿದ್ದರು. ಆದರೆ ಕೆಳಗಿನ ಸಹಿ? ‘ಗುಡುಗೂರು ಮಿಂಚಪ್ಪ, ಕಿರಿಯ ಇಂಜಿನಿಯರ್’!

ಗುಡ್ಡಪ್ಪನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ‘ಕರೆಂಟ್ ಆಫೀಸಲ್ಲಿ ಮಿಂಚಪ್ಪ ಅಂತ ಯಾರ್ರೀ ಇರ್ತಾರೆ? ಇದು ಆ ಶಿಕಾರಿಪುರದ ಮುದುಕಂದೇ ಕೆಲ್ಸ. ಸೀಲ್ ನೋಡಿ, ಆಲೂಗಡ್ಡೆ ಕೆತ್ತಿರೋದು’ ಅಂದರು. ಈಗ ಕಾಗದವನ್ನು ಗಣಪತಿ ಪೆಂಡಾಲಿನಲ್ಲಿ ಅಂಟಿಸಿದ್ದಾರೆ. ಊರೆಲ್ಲ ಓದಿ ನಗುತ್ತಿದೆ. ಸಹಿಯಲ್ಲಾದರೂ ಸುಮ್ಮನಿರಬಾರದಿತ್ತಾ?

ಹಸಿರು ವೈರಿನ ವಿಷಯ ಮಾಳೇಶಣ್ಣನಿಗೆ ಹೇಳಿದೆ. ‘ಗುರುಗಳು ನಿಮ್ಮನ್ನ ಆಟ ಆಡಿಸ್ತಿದಾರೆ ಮೇಡಂ, ಅದನ್ನ ಹಾಕಿದ್ರೆ ಮತ್ತೆ ಗುಂಯ್’ ಅಂದ. ಮಿಂಚಪ್ಪನ ಕಾಗದ ಓದಿದ ಮೇಲೆ ನನಗೂ ಹಾಗೇ ಅನ್ನಿಸಿತು. ಅಪ್ಪನ ವಿಷಯ ಮಾತ್ರ ತಮಾಷೆ ಮಾಡಬೇಡಿ ಅಜ್ಜ. ‘ನಿಮ್ಮಪ್ಪನಲ್ಲ’ ಎಂದು ಬರೆದಿರಲ್ಲ, ಅದು ನನಗೆ ನಾಟಿತು.

ಇನ್ನು ಇಪ್ಪತ್ತೇಳು ದಿನ. ಏಳು ಕೊಡ ಹೊರುವವರಲ್ಲಿ ಮೊದಲನೆಯ ಕೊಡ ಅಮ್ಮನದೇ ಅಂತೆ. ಅವಳೇ ಕೇಳಿ ತಗೊಂಡಳು.

ನಿಮ್ಮ,
ನಾಗಶ್ರೀ

* * *

ಶಿಕಾರಿಪುರ
16 ಆಗಸ್ಟ್ 2025

ತಂಗಿ ವರದಮ್ಮನಿಗೆ,

ನೀನು ಏಳನೇ ಕ್ಲಾಸ್ ಓದಿದವಳು, ಇದನ್ನು ನೀನೇ ಓದಬೇಕು. ನಾಗಶ್ರೀಗೆ ಕೊಡಬೇಡ.

ನಾಗೇಶ ಹೋಗಿದ್ದು ಊರಮ್ಮನ ಮುನಿಸಿನಿಂದಲ್ಲ. ನನ್ನಿಂದ.

ಅವತ್ತು ಸಂಜೆ ಸಣ್ಣ ಮಳೆ ಬಂದು ನಿಂತಿತ್ತು. ಮಂಟಪದ ಸಿಮೆಂಟ್ ಒದ್ದೆ. ನಾಗೇಶ ಮರದ ಕುರ್ಚಿಯಲ್ಲಿ ಕೂತು ಗಿಟಾರ್ ತೊಡೆಗಿಟ್ಟುಕೊಂಡ. ಬಾಕ್ಸು ಗುಂಯ್ ಎನ್ನತೊಡಗಿತು. ಜನ ಶಿಳ್ಳೆ ಹೊಡೆದರು. ಪ್ಲಗ್ಗಿನ ಮೂರನೇ ವೈರು, ಹಸಿರಿನದು, ಕಿತ್ತರೆ ಗುಂಯ್ ನಿಲ್ಲುತ್ತದೆ ಎಂದು ನನಗೆ ಗೊತ್ತಿತ್ತು. ಕಿತ್ತೆ. ಆ ವೈರು ನೆಲಕ್ಕೆ ಹೋಗುವ ದಾರಿ. ಯಂತ್ರ ಕೆಟ್ಟು ಕರೆಂಟ್ ಮೈಮೇಲೆ ಬಂದರೆ ಆ ದಾರಿಯಲ್ಲಿ ಇಳಿದು ಹೋಗುತ್ತದೆ. ಅದನ್ನು ಕಿತ್ತರೆ ಕರೆಂಟಿಗೆ ಮನುಷ್ಯನೇ ದಾರಿ. ನನ್ನ ಆಂಪ್ಲಿಫಯರ್ ಆಗಲೇ ಮುಟ್ಟಿದರೆ ಜುಮ್ ಎನ್ನುತ್ತಿತ್ತು. ಅದೂ ನನಗೆ ಗೊತ್ತಿತ್ತು.

ಅವನು ಬರಿಗಾಲಲ್ಲಿದ್ದ. ಹಾಡು ಶುರುವಾಗಿ ಸ್ವಲ್ಪ ಹೊತ್ತಿಗೆ ಕುರ್ಚಿಯಲ್ಲೇ ಅದುರತೊಡಗಿದ. ಕೈ ತಂತಿಗೆ ಕಚ್ಚಿಕೊಂಡಿತ್ತು. ನಾನು ಮೈಕ್ ಹಿಡಿದು ನಿಂತಿದ್ದೆ. ಅವನು ಆಟ ಆಡುತ್ತಿದ್ದಾನೆ ಅಂದುಕೊಂಡೆ. ‘ನೋಡಿ ನೋಡಿ, ಇವತ್ತು ಗಿಟಾರೇ ನಮ್ಮ ನಾಗೇಶನನ್ನು ನುಡಿಸ್ತಾ ಇದೆ’ ಎಂದು ಮೈಕಿನಲ್ಲಿ ಹೇಳಿದೆ. ಜನ ನಕ್ಕರು. ಅವನು ಬೀಳುವವರೆಗೆ ನಗುತ್ತಲೇ ಇದ್ದರು.

ಜನ ಮೇಲೆ ಹತ್ತಿ ಬರುವಷ್ಟರಲ್ಲಿ ವೈರನ್ನು ತಿರುಚಿ ಸೇರಿಸಿ ಟೇಪ್ ಸುತ್ತಿದ್ದೆ. ‘ಏನಾತು, ಏನಾತು’ ಎಂದು ಎಲ್ಲರೂ ನನ್ನನ್ನೇ ಕೇಳುತ್ತಿದ್ದರು. ಬಾಯಿಗೆ ಬಂದದ್ದು ಹೇಳಿದೆ. ‘ಹೋದ ವರ್ಷ ಚಪ್ಪಲಿ ಹಾಕ್ಕೊಂಡು ಈ ಮಂಟಪ ಹತ್ತಿದ್ದ, ನಾನು ಬೇಡ ಅಂದಿದ್ದೆ’ ಎಂದೆ. ಅಷ್ಟೇ. ಆ ಒಂದು ಮಾತು ಏಳು ಕೊಡ ನೀರಾಗಿ ಬೆಳೆದಿದೆ ಎಂದು ಈ ಜೂನ್‌ನಲ್ಲಿ ಗೊತ್ತಾಯಿತು. ನಿಜ ಏನೆಂದರೆ, ಅವತ್ತು ಆ ಚಪ್ಪಲಿ ಕಾಲಲ್ಲಿ ಇದ್ದಿದ್ದರೆ ಅವನು ಬದುಕುತ್ತಿದ್ದ.

ಈಗ ಅದೇ ಆಂಪ್ಲಿಫಯರ್. ಅದೇ ವೈರನ್ನು ಮಾಳೇಶ ಕತ್ತರಿಸಿದ್ದಾನೆ. ಒಣ ನೆಲದಲ್ಲೇ ನಿನ್ನ ಮಗಳ ಕೈಗೆ ಕರೆಂಟ್ ಬಂದಿದೆ. ಅವಳು ಅದನ್ನು ಅಪ್ಪ ಅಂದುಕೊಂಡಿದ್ದಾಳೆ. ಒಂಬತ್ತನೇ ದಿನ ಮಂಟಪ ಒದ್ದೆಯಾಗಿರುತ್ತದೆ. ನೀರು ಹಾಕುವವಳು ನೀನು.

ಜೋಕು ಮಾಡಿ, ಕಳ್ಳ ಕಾಗದ ಬರೆದು ತಪ್ಪಿಸಲು ನೋಡಿದೆ. ಯಾರೂ ನಂಬಲಿಲ್ಲ. ನೀನಾದರೂ ನಂಬು.

ಧರ್ಮಪ್ಪ

* * *

ಕುಪ್ಪಗಡ್ಡೆ
23 ಆಗಸ್ಟ್ 2025

ಧರ್ಮಪ್ಪನವರಿಗೆ,

ಕಾಗದ ಮುಟ್ಟಿತು. ಓದಿದೆ. ಕುರಿ ಮೇಯುವ ಕಡೆ ಕೂತು ಓದಿದೆ.

ಆ ಚಪ್ಪಲಿ ನಾನು ಕೊಡಿಸಿದ್ದು. ಶಿರಾಳಕೊಪ್ಪದ ಸಂತೆಯಲ್ಲಿ. ಅವರು ಬೇಡ ಅಂದರೂ ಕೇಳದೆ ಕೊಡಿಸಿದ್ದೆ. ನೀವು ಆ ಮಾತು ಹೇಳಿದ ದಿನದಿಂದ ನಾನು ಕಾಲಿಗೆ ಏನೂ ಹಾಕಿಲ್ಲ. ಮೂವತ್ತೆರಡು ವರ್ಷ ಬಿಸಿಲಲ್ಲಿ, ಮುಳ್ಳಲ್ಲಿ ಕುರಿ ಹಿಂದೆ ಬರಿಗಾಲಲ್ಲಿ ತಿರುಗಿದ್ದೇನೆ. ನನ್ನ ಗಂಡನನ್ನು ನಾನೇ ತಿಂದೆ ಅಂತ.

ನೀವು ಅತ್ತಿದ್ದಿರಿ ಅವತ್ತು ನಮ್ಮ ಮನೆ ಜಗಲಿಯಲ್ಲಿ ಕೂತು. ನಾನು ನಿಮಗೆ ಕಾಫಿ ಮಾಡಿ ಕೊಟ್ಟಿದ್ದೆ.

ಈಗ ನಾನು ಹೇಳುವುದು ಕೇಳಿ. ಒಂಬತ್ತನೇ ದಿನ ನೀವು ಬರಬೇಕು. ನಾಲ್ಕು ಗಂಟೆಗೆ ಇಲ್ಲಿರಬೇಕು. ಮಂಟಪ ತೊಳೆದಿರುತ್ತೆ. ನನ್ನ ಮಗಳು ಹತ್ತುವ ಮೊದಲು ನೀವು ಹತ್ತಬೇಕು, ಬರಿಗಾಲಲ್ಲಿ. ಅವರು ಕೂತ ಹಾಗೇ ಕುರ್ಚಿಯಲ್ಲಿ ಕೂತು, ಗಿಟಾರ್ ತೊಡೆ ಮೇಲೆ ಇಟ್ಟುಕೊಂಡು, ಆರೂ ತಂತಿ ಕೈಯಲ್ಲಿ ಹಿಡಿಯಬೇಕು. ಮೈಕಿಗೆ ತುಟಿ ತಾಗಿಸಬೇಕು. ಸ್ವಿಚ್ ಹಾಕುವುದು ನಾನು. ನಾನು ಬಂದು ಗಿಟಾರ್ ಈಸಿಕೊಳ್ಳುವವರೆಗೆ ಕೈ ಬಿಡಕೂಡದು.

ಅದಕ್ಕೂ ಮೊದಲು ಮಾಳೇಶನ ಹತ್ತಿರ ಮಾತಾಡಬೇಡಿ. ಪ್ಲಗ್ ಬಿಚ್ಚಿ ನೋಡಬೇಡಿ. ವೈರ್ ಸರಿ ಮಾಡಿಸಿದ್ದೀಯಾ ಅಂತ ನನ್ನನ್ನು ಕೇಳಬೇಡಿ. ನಾನು ಹೇಳುವುದಿಲ್ಲ.

ಬರದಿದ್ದರೆ ನಿಮ್ಮ ಕಾಗದವನ್ನು ಮಿಂಚಪ್ಪನ ಕಾಗದದ ಪಕ್ಕದಲ್ಲೇ ಅಂಟಿಸುತ್ತೇನೆ.

ವರದಮ್ಮ ನಾಗೇಶಪ್ಪ

* * *

ಶಿಕಾರಿಪುರ
27 ಆಗಸ್ಟ್ 2025

ವರದಮ್ಮ,

ಬರುತ್ತೇನೆ.

ಧರ್ಮಪ್ಪ

* * *

ಕುಪ್ಪಗಡ್ಡೆ
7 ಸೆಪ್ಟೆಂಬರ್ 2025

ಪ್ರೀತಿಯ ಅಜ್ಜನಿಗೆ,

ನೀವು ಯಾರಿಗೂ ಹೇಳದೆ ಬಸ್ ಹತ್ತಿ ಹೋಗಿಬಿಟ್ಟಿರಿ. ನಿಮಗೆ ಕೇಳಿಸದೇ ಹೋದದ್ದನ್ನೆಲ್ಲ ಬರೆದು ತಿಳಿಸಬೇಕು ಎಂದು ಕೂತಿದ್ದೇನೆ.

ಮೊದಲು ನಿಮ್ಮದೇ. ನೀವು ಚಪ್ಪಲಿ ಬಿಟ್ಟು ಮಂಟಪ ಹತ್ತಿದಾಗ ಜನ ‘ಓ ಮಿಂಚಪ್ಪ ಬಂದ!’ ಎಂದು ಕೇಕೆ ಹಾಕಿದರು. ಗುಡ್ಡಪ್ಪನವರು ‘ಈಗ ನೋಡ್ರಿ ಮುದುಕನ ಆಟ’ ಎಂದು ಮುಂದಿನ ಸಾಲಿಗೆ ಬಂದು ಕೂತರು. ನೀವು ಗಿಟಾರ್ ತೊಡೆಗಿಟ್ಟುಕೊಂಡು ತಂತಿಗಳನ್ನು ಮುಷ್ಟಿಯಲ್ಲಿ ಹಿಡಿದಿರಿ, ಮೈಕಿಗೆ ತುಟಿ ಇಟ್ಟಿರಿ. ಕಾಲ ಕೆಳಗೆ ನೀರು ನಿಂತಿತ್ತು. ಎಲ್ಲರೂ ನಗುವುದಕ್ಕೆ ತಯಾರಾಗಿ ನಿಮ್ಮನ್ನೇ ನೋಡುತ್ತಿದ್ದರು. ನಾನು ಅಮ್ಮನನ್ನು ನೋಡುತ್ತಿದ್ದೆ. ಅವಳು ಸ್ವಿಚ್ ಬೋರ್ಡಿನ ಹತ್ತಿರ ನಿಂತಿದ್ದಳು. ಅವಳ ಮುಖ ಹಾಗೆ ಇದ್ದದ್ದು ನಾನು ಯಾವತ್ತೂ ಕಂಡಿಲ್ಲ. ನೀವು ತಲೆ ಆಡಿಸಿದಿರಿ. ಅವಳು ಸ್ವಿಚ್ ಹಾಕಿದಳು. ನೀವು ಕಣ್ಣು ಮುಚ್ಚಿದಿರಿ.

ಹಾಗೇ ಹಿಡಿದುಕೊಂಡು ಕೂತಿರಿ. ಮೂರು ನಿಮಿಷ ಆಗಿರಬೇಕು. ಮೈಕಿನಲ್ಲಿ ನಿಮ್ಮ ಉಸಿರು ಮಾತ್ರ ಕೇಳುತ್ತಿತ್ತು, ಜೊತೆಗೆ ಬಾಕ್ಸಿನ ಗುಂಯ್. ಮೊದಲು ನಕ್ಕವರು ಒಬ್ಬೊಬ್ಬರೇ ಸುಮ್ಮನಾದರು. ಒಂದು ಮಗು ಹೆದರಿ ಅತ್ತಿತು. ಆಮೇಲೆ ಅಮ್ಮ ಮೆಟ್ಟಿಲು ಹತ್ತಿ ಬಂದು ನಿಮ್ಮ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಗಿಟಾರನ್ನು ತಾನೇ ಎತ್ತಿ ನನ್ನ ತೊಡೆಗಿಟ್ಟಳು. ನೀವು ಕುರ್ಚಿ ಬಿಟ್ಟು ಬಾಕ್ಸಿನ ಪಕ್ಕ ಹೋಗಿ ಕೂತಿರಿ. ನಿಮ್ಮ ಅಂಗಿ ಪೂರ್ತಿ ಒದ್ದೆ. ಇದು ಎಂಥ ಆಟ ಅಜ್ಜ? ಯಾರಿಗೂ ಅರ್ಥ ಆಗಲಿಲ್ಲ.

ಈಗ ಹಾಡಿನ ವಿಷಯ. ವೈಭವ್ ನಿಧಾನವಾಗಿ, ಗಾಡಿ ಎತ್ತಿನ ನಡಿಗೆಯ ಹಾಗೆ ಶುರು ಮಾಡಿದ. ಮಾನಸ ಒಂದು ಸಾಲು ಹಾಡಿದಳು, ನಾನು ಸರಳು ಜಾರಿಸಿ ಆ ಸಾಲನ್ನೇ ತಂತಿಯಲ್ಲಿ ಹೇಳಿದೆ. ಅವಳು ಮತ್ತೆ ಅದನ್ನೇ ಹಾಡಿದಳು. ‘ಒಂದೇ ಸಾಲು ಎಷ್ಟು ಸಲ ಹೇಳ್ತಾಳಪ್ಪ ಇವ್ಳು, ಮರ್ತು ಹೋತೋ ಏನೋ’ ಎಂದು ಯಾರೋ ಕೂಗಿದರು. ಮೂರನೇ ಹಾಡಿಗೆ ಆ ದನಿ ಇರಲಿಲ್ಲ. ನಾನು ಮೇಲಿನ ತಂತಿಯಲ್ಲಿ ಸರಳನ್ನು ತುದಿಯವರೆಗೆ ಎಳೆದು, ಅಲ್ಲೇ ನಡುಗಿಸಿ ನಿಲ್ಲಿಸಿದೆ. ಹೆಂಗಸರ ಕಡೆಯಿಂದ ಒಬ್ಬ ಮುದುಕಿ ಜೋರಾಗಿ ‘ಅಯ್ಯೋ ನನ್ನಪ್ಪಾ’ ಅಂದಳು. ಅಲ್ಲಿಂದ ಮುಂದೆ ಹಾಡು ಇಂಗ್ಲಿಷಿನದು ಎಂಬುದು ಎಲ್ಲರಿಗೂ ಮರೆತೇ ಹೋಯಿತು. ವೈಭವ್ ತಾಳ ಎರಡರಷ್ಟು ಮಾಡಿದ, ಹುಡುಗರು ಕುಣಿದರು. ನನ್ನ ಕಿರುಬೆರಳಿನ ಚರ್ಮ ಸುಲಿಯಿತು. ನಿಲ್ಲಿಸುವ ಮನಸ್ಸಾಗಲಿಲ್ಲ. ನೀವು ಕೊನೆಯವರೆಗೂ ಎರಡೂ ಅಂಗೈ ಬಾಕ್ಸಿನ ಮೇಲಿಟ್ಟುಕೊಂಡು, ಹಣೆ ಅದಕ್ಕೇ ಒತ್ತಿ ಕೂತಿದ್ದಿರಿ. ಎಷ್ಟು ಸಿಕ್ಕಿತು ನಿಮಗೆ ಅದರಲ್ಲಿ?

ಎರಡೇ ಬೇಜಾರು. ಆ ಗುಂಯ್ ಇಡೀ ಪ್ರೋಗ್ರಾಂ ಇತ್ತು. ಮಾಳೇಶಣ್ಣ ಕಟಿಂಗ್ ಪ್ಲೇಯರ್ ತಗೊಂಡು ಹೋದರೆ, ಅಮ್ಮ ಬೋರ್ಡಿಗೆ ಅಡ್ಡ ನಿಂತು ‘ಕೈ ಇಟ್ಟರೆ ಕೈ ಕಡೀತೀನಿ’ ಅಂದಳಂತೆ. ಇನ್ನೊಂದು, ಈ ಸಲ ತಂತಿ ಜುಮ್ ಅನ್ನಲೇ ಇಲ್ಲ. ಅಪ್ಪ ಬರಲಿಲ್ಲ.

ಅಮ್ಮನಿಗೂ ನಿಮಗೂ ಏನು ಮಾತಾಯಿತು ಅಜ್ಜ? ಕೇಳಿದರೆ ‘ಅವರನ್ನೇ ಕೇಳು’ ಅನ್ನುತ್ತಾಳೆ.

ನಿಮ್ಮ,
ನಾಗಶ್ರೀ

* * *

ಕುಪ್ಪಗಡ್ಡೆ
10 ಸೆಪ್ಟೆಂಬರ್ 2025

ಧರ್ಮಪ್ಪನವರಿಗೆ,

ನೀವು ಬರಲ್ಲ ಅಂದುಕೊಂಡಿದ್ದೆ. ಬಂದಿರಿ. ಹಿಡಿಯಲ್ಲ ಅಂದುಕೊಂಡಿದ್ದೆ. ಹಿಡಿದಿರಿ.

ವೈರ್ ಹಾಕಿಸಿದ್ದೆ. ಸೊರಬದಿಂದ ಕರೆಂಟ್ ಕೆಲಸದವರನ್ನು ಕರೆಸಿ, ಮಂಟಪದ ಹಿಂದೆ ಗುಂಡಿ ತೆಗೆಸಿ, ಉಪ್ಪು ಇದ್ದಿಲು ತುಂಬಿಸಿ, ಸರಳು ಹೂಳಿಸಿ ಎಲ್ಲ ಹೊಸದಾಗಿ ಮಾಡಿಸಿದ್ದು. ಆಂಪ್ಲಿಫಯರ್ ಕೂಡ ಬೇರೆಯದು, ನಿಮಗೆ ಗುರುತು ಸಿಗದಿರಲಿ ಅಂತ ಮೇಲಿನ ಡಬ್ಬ ಮಾತ್ರ ಹಳೆಯದು. ಅವತ್ತು ಬೆಳಿಗ್ಗೆ ಯಾರೂ ಇಲ್ಲದ ಹೊತ್ತಲ್ಲಿ ಮೊದಲನೆಯ ಕೊಡ ನಾನೇ ಸುರಿದು, ಅದೇ ನೀರಲ್ಲಿ ಕೂತು ತಂತಿ ಹಿಡಿದು ನೋಡಿದೆ. ಅದನ್ನು ನಾನು ಮುಟ್ಟಿದ್ದು ಮೂವತ್ತೆರಡು ವರ್ಷದಲ್ಲಿ ಅದೇ ಮೊದಲು. ತಣ್ಣಗಿತ್ತು.

ವೈರ್ ಇದ್ದರೆ ಗುಂಯ್ ಅನ್ನುತ್ತೆ ಅಂತ ನೀವೇ ಬರೆದಿದ್ದಿರಿ. ನೀವು ಕುರ್ಚಿಯಲ್ಲಿ ಕೂತಿದ್ದಾಗ ಗುಂಯ್ ಅನ್ನುತ್ತಲೇ ಇತ್ತು. ಊರಿಗೆಲ್ಲ ಕೇಳುತ್ತಿತ್ತು. ನಿಮಗೊಬ್ಬರಿಗೆ ಕೇಳಲಿಲ್ಲ. ಅದು ನನಗೆ ಗೊತ್ತಿತ್ತು.

ಆ ಮೂರು ನಿಮಿಷ ನಿಮ್ಮ ಪಾಲಿಗೆ. ಉಳಿದಿದ್ದೆಲ್ಲ ನಮ್ಮ ಪಾಲಿಗೆ ಬಂದಿದೆ. ಸಮ ಆಯಿತು ಅಂತ ತಿಳಿಯಬೇಡಿ.

ಮಗಳು ದಿನಾ ಕೇಳುತ್ತಾಳೆ. ನಾನು ಹೇಳಲ್ಲ. ನೀವು ಹೇಳಿ. ನಿಮ್ಮ ಕೈಯಲ್ಲೇ ಬರೆದು ಹೇಳಿ.

ವರದಮ್ಮ

* * *

ಶಿಕಾರಿಪುರ
15 ಸೆಪ್ಟೆಂಬರ್ 2025

ನಾಗಶ್ರೀ,

ಬಾಕ್ಸಿಗೆ ಹಣೆ ಒತ್ತಿದಾಗ ಎಷ್ಟು ಸಿಕ್ಕಿತು ಎಂದು ಕೇಳಿದ್ದೀಯ. ಎಲ್ಲ ಸಿಕ್ಕಿತು.

ಈ ಕಾಗದದಲ್ಲಿ ಒಂದು ಜೋಕೂ ಇಲ್ಲ. ಓದಿದ ಮೇಲೆ ನೀನು ನನಗೆ ಬರೆಯದೇ ಇರಬಹುದು. ನಾನು ಕಾಯುವುದಿಲ್ಲ ಎಂದರೆ ಅದೂ ಸುಳ್ಳಾಗುತ್ತದೆ.

ನಿಮ್ಮಪ್ಪನ ಗಿಟಾರಿನ ತಪ್ಪು ಏನೂ ಇರಲಿಲ್ಲ. ಚಪ್ಪಲಿಯದೂ ಇರಲಿಲ್ಲ. ಯಾರದು ಎಂದು ಈ ಹಾಳೆಯ ಹಿಂಬದಿಯಲ್ಲಿ ಬರೆದಿದ್ದೇನೆ, ದಪ್ಪ ಅಕ್ಷರದಲ್ಲಿ. ತಿರುಗಿಸುವ ಮೊದಲು ಅಮ್ಮನನ್ನು ಕರೆದು ಪಕ್ಕದಲ್ಲಿ ಕೂರಿಸಿಕೋ.

ಧರ್ಮಪ್ಪ